ಚಾಸಿಯ ಮೇಲಿನ ಬಿಳಿ ಗೆರೆ

ಅಕಾಲಿಕ ಮಳೆಗೆ ದ್ರಾಕ್ಷಿ ಕೆಟ್ಟ ಸುದ್ದಿ ಮಾಡಲು ತಿಕೋಟಾ ಕಡೆ ಹೋದವನಿಗೆ ಒಂದು ಕಾರು ಸಿಕ್ಕಿತು. ಮಣೂಕ ಒಣಗಿಸುವ ಶೆಡ್ಡಿನ ಫೋಟೊ ತೆಗೆಯಲು ಒಳಗೆ ಕಾಲಿಟ್ಟರೆ, ಹಸಿರು ನೆಟ್ಟಿನ ಹಿಂದೆ, ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ಒಂದು ಚಾಸಿ ಕೂತಿತ್ತು. ಗೋಡೆಗೆ ಒರಗಿಸಿದ ಎರಡು ಬಾಗಿಲು, ಹಗ್ಗದಲ್ಲಿ ತೂಗುಬಿಟ್ಟ ಟಾಪು, ಗೋಣಿಚೀಲ ಹೊದ್ದ ಎಂಜಿನ್ನು. ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೋಲ್ಟಿಗೆ ಡೀಸೆಲ್ ಹಚ್ಚಿ ಉಜ್ಜುತ್ತಿದ್ದವರು ಬಬಲೇಶ್ವರದ ಒಬ್ಬ ಟ್ರ್ಯಾಕ್ಟರ್ ಮಿಸ್ತ್ರಿ. "ಇದು ಕಾರ್ ಅಲ್ರಿ, ಕಾರಿನ ಎಲುವು" ಅಂದರು. ಹೆಸರು ಬರೀಬ್ಯಾಡ್ರಿ ಅಂದಿದ್ದಾರೆ, ಬರೆಯುವುದಿಲ್ಲ.

ಕಾರು 1960ರ ದಶಕದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ವಿಜಯಪುರದ ಒಬ್ಬ ಡ್ರಾಯಿಂಗ್ ಮಾಸ್ತರರು ಇದನ್ನು ಸೊಲ್ಲಾಪುರದ ಗುಜರಿಯಿಂದ ಬಿಡಿಸಿ ತಂದಿದ್ದರಂತೆ. ಹತ್ತು-ಹನ್ನೆರಡು ವರ್ಷ ರಜೆಯ ದಿನಗಳಲ್ಲಿ ಬಿಚ್ಚಿದರು, ತಿಕ್ಕಿದರು, ಚೀಟಿ ಬರೆದು ಇಟ್ಟರು. ಕೋವಿಡ್ ಎರಡನೇ ಅಲೆಯಲ್ಲಿ ಹೋಗಿಬಿಟ್ಟರು. ಮನೆ ಖಾಲಿ ಮಾಡುವಾಗ ಅವರ ತಂಗಿ ಈ ಸಾಮಾನನ್ನೆಲ್ಲ ಟ್ರಾಲಿಯಲ್ಲಿ ಹಾಕಿ ತಿಕೋಟಾದ ತಮ್ಮ ತೋಟಕ್ಕೆ ತಂದರು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದಾಗ ಕೊಡಲು ಮನಸ್ಸಾಗಲಿಲ್ಲ. "ಯಾರರೆ ಮುಗಸ್ರಿ" ಎಂದು ಮಿಸ್ತ್ರಿಗೆ ಒಪ್ಪಿಸಿದರು.

ಮಾಸ್ತರರ ಕನಸು ಬರೀ ಹಳೆ ಕಾರು ಓಡಿಸುವುದಾಗಿರಲಿಲ್ಲ. ಹೆರಾಲ್ಡನ್ನು ಕತ್ತರಿಸಿ ಇಬ್ಬರು ಕೂರುವ ಬಯಲು ಸ್ಪೋರ್ಟ್ಸ್ ಕಾರು ಮಾಡಬೇಕಿತ್ತು. ಚಾಸಿಯ ನಡುವೆ ಎರಡು ಕಡೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದಾರೆ. ಡ್ರಾಯಿಂಗ್ ಮಾಸ್ತರರ ಗೆರೆ, ಒಂದಿಷ್ಟೂ ಸೊಟ್ಟ ಇಲ್ಲ. ಗೆರೆಯಿಂದ ಗೆರೆಗೆ ಎಂಟೂವರೆ ಇಂಚು. ಅಷ್ಟು ತುಂಡನ್ನು ತೆಗೆದು ಎರಡು ತುದಿ ಬೆಸೆಯಬೇಕಿತ್ತು. ಕತ್ತರಿಸುವ ಮೊದಲೇ ಹೋದರು.

ಮಿಸ್ತ್ರಿಯ ಹತ್ತಿರ ಗ್ರೈಂಡರ್ ಇದೆ, ವೆಲ್ಡಿಂಗ್ ಸೆಟ್ಟೂ ಇದೆ. ಗೆರೆ ಮುಂದೆ ಕೂತು ಮೂರು ತಿಂಗಳಾಗಿತ್ತು, ಕೈ ಹಚ್ಚಿರಲಿಲ್ಲ. "ಕೊಯ್ಯಲೋ ಬ್ಯಾಡೋ ಹೇಳ್ರಿ, ನೀವು ಓದಿದವರು" ಅಂದರು. ನನ್ನದು ಪತ್ರಿಕೋದ್ಯಮದ ಡಿಪ್ಲೊಮಾ. ಕಾರಿನ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ದ್ರಾಕ್ಷಿ ಸುದ್ದಿ ಅದೇ ಸಂಜೆ ಕಳಿಸಿದೆ. ಈ ಎಂಟೂವರೆ ಇಂಚಿನ ಹಿಂದೆ ಮಾತ್ರ ಎರಡು ತಿಂಗಳು ಅಲೆದೆ. ಸಿಕ್ಕಿದ್ದು ಇಲ್ಲಿದೆ.

ಎಂಟೂವರೆ ಎಂಬ ಲೆಕ್ಕ ಮಾಸ್ತರರು ಸುಮ್ಮನೆ ಹಾಕಿದ್ದಲ್ಲ. ಹೆರಾಲ್ಡಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 91.5 ಇಂಚು. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನದು 83 ಇಂಚು. ಎರಡೂ ಒಂದೇ ಬಳ್ಳಿಯ ಕಾಯಿ. ನಮ್ಮ ಹೆರಾಲ್ಡು ಮದ್ರಾಸಿನಲ್ಲಿ ತಯಾರಾದರೂ ಅದರ ತವರು ಇಂಗ್ಲೆಂಡಿನ ಕೊವೆಂಟ್ರಿ ಊರಿನ ಸ್ಟ್ಯಾಂಡರ್ಡ್ ಮೋಟರ್ ಕಂಪನಿ. ಆ ಕಂಪನಿ 1944ರಲ್ಲಿ ದಿವಾಳಿಯಾಗಿದ್ದ ಟ್ರಯಂಫ್ ಹೆಸರನ್ನು ಕೊಂಡಿತ್ತು. 1959ರಲ್ಲಿ ಅಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು. ಅದರ ಮೈಕಟ್ಟು ಬರೆದವನು ಇಟಲಿಯ ಟುರಿನ್ ಊರಿನ ಜಿಯೊವಾನಿ ಮಿಕೆಲೊಟ್ಟಿ.

ಹೆರಾಲ್ಡಿನ ಹುಟ್ಟೇ ಒಂದು ಅಡಚಣೆಯ ಕತೆ. ಆ ಹೊತ್ತಿಗೆ ಕಾರುಗಳು ಚಾಸಿ, ಬಾಡಿ ಎಂಬ ಭೇದವಿಲ್ಲದೆ ಒಂದೇ ಗಟ್ಟಿ ಡಬ್ಬಿಯಾಗಿ ಬರತೊಡಗಿದ್ದವು. ಸ್ಟ್ಯಾಂಡರ್ಡಿಗೂ ಅದೇ ದಾರಿ ಇತ್ತು. ಆದರೆ ಅದಕ್ಕೆ ಬಾಡಿ ಒತ್ತಿಕೊಡುತ್ತಿದ್ದ ಫಿಶರ್ ಆ್ಯಂಡ್ ಲಡ್ಲೋ ಎಂಬ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕಂಪನಿ ಕೊಂಡುಬಿಟ್ಟಿತು. ಇಡೀ ಡಬ್ಬಿ ಒತ್ತಿಕೊಡುವವರು ಇಲ್ಲ. ಮುಖ್ಯ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ಹಳೆ ಪದ್ಧತಿಗೇ ಮರಳಿದ. ಕೆಳಗೆ ಪ್ರತ್ಯೇಕ ಚಾಸಿ, ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ಬಾಡಿಯ ತುಂಡುಗಳು, ಎಲ್ಲವನ್ನೂ ಬೋಲ್ಟಿನಿಂದ ಜೋಡಿಸುವುದು. ಟಾಪು ಕೂಡ ಬೋಲ್ಟಿನದೇ. ಬಿಚ್ಚಿದರೆ ಬಯಲು ಕಾರು, ಬಿಗಿದರೆ ಮುಚ್ಚಿದ ಕಾರು. ಬಾನೆಟ್ಟು ಎರಡೂ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ತಿರುಗಲು ಬೇಕಾದ ಜಾಗ 25 ಅಡಿ ಮಾತ್ರ. ಮಿಸ್ತ್ರಿಗೆ ಇದನ್ನು ಹೇಳಿದರೆ ನಂಬಲಿಲ್ಲ, ಸ್ಟೇರಿಂಗ್ ತಿರುಗಿಸಿ ಮುಂದಿನ ಗಾಲಿ ಎಷ್ಟು ಅಡ್ಡ ಬರುತ್ತದೆಂದು ನೋಡಿದ ಮೇಲೆ ತಲೆಯಾಡಿಸಿದರು.

ಕಂಪನಿಯ ಅಡಚಣೆಯಿಂದ ಹುಟ್ಟಿದ ಈ ಬೋಲ್ಟಿನ ಪದ್ಧತಿಯೇ ತಿಕೋಟಾದ ಶೆಡ್ಡಿನಲ್ಲಿ ಈ ಕಾರನ್ನು ಉಳಿಸಿದ್ದು. ಒಂದೇ ಡಬ್ಬಿಯ ಕಾರು ಇಷ್ಟು ವರ್ಷ ಬಿಚ್ಚಿ ಬಿದ್ದಿದ್ದರೆ ತುಕ್ಕು ತಿಂದ ತಗಡು ಬಿಟ್ಟು ಏನೂ ಇರುತ್ತಿರಲಿಲ್ಲ.

ಇನ್ನು ಸ್ಪಿಟ್‌ಫೈರ್. ಅದರ ಕತೆ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಶೆಡ್ಡೇ. ಹೆರಾಲ್ಡಿನ ಚಾಸಿಯನ್ನೇ ಮೋಟು ಮಾಡಿ ಅಗ್ಗದ ಸ್ಪೋರ್ಟ್ಸ್ ಕಾರು ಮಾಡುವ ವಿಚಾರಕ್ಕೆ 1960ರಲ್ಲಿ ಮಿಕೆಲೊಟ್ಟಿ ಒಂದು ಮಾದರಿ ಕಾರು ಮಾಡಿಕೊಟ್ಟ. ಕಾರ್ಖಾನೆಯೊಳಗೆ ಅದಕ್ಕೆ 'ಬಾಂಬ್' ಎಂಬ ಗುಟ್ಟಿನ ಹೆಸರು. ಅಷ್ಟರಲ್ಲಿ ಕಂಪನಿಯ ಗಲ್ಲಾ ಬರಿದಾಯಿತು. ಮಾದರಿಯ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದರು. ಮುಂದೆ ಲಾರಿ ಮಾಡುತ್ತಿದ್ದ ಲೇಲ್ಯಾಂಡ್ ಕಂಪನಿ ಸ್ಟ್ಯಾಂಡರ್ಡ್-ಟ್ರಯಂಫನ್ನು ಕೊಂಡಿತು. ಹೊಸ ಯಜಮಾನರು, ಅವರಲ್ಲಿ ಸ್ಟ್ಯಾನ್ಲಿ ಮಾರ್ಕ್‌ಲ್ಯಾಂಡ್ ಎಂಬಾತ, 1961ರಲ್ಲಿ ಕಾರ್ಖಾನೆ ಸುತ್ತುವಾಗ ಆ ಬಟ್ಟೆಯ ಕೆಳಗೆ ಏನಿದೆ ನೋಡಿದರು. ಇದನ್ನು ಮುಗಿಸಿ ಎಂದು ಆ ವರ್ಷದ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. 1962ರ ಅಕ್ಟೋಬರಿನ ಲಂಡನ್ ಪ್ರದರ್ಶನದಲ್ಲಿ 1147 ಸಿಸಿ ಎಂಜಿನ್ನಿನ ಸ್ಪಿಟ್‌ಫೈರ್ ನಿಂತಿತ್ತು. 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಶುರು ಮಾಡಿಸಿದ ಆಡಳಿತಗಾರರು ಒಬ್ಬರು, ಮುಗಿಸಲು ಹೇಳಿದವರು ಮತ್ತೊಬ್ಬರು.

ಅದೇ 1961ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಹೆರಾಲ್ಡನ್ನು ಇಲ್ಲಿ ತಯಾರಿಸತೊಡಗಿತು. ಆಗಿನ ಭಾರತದಲ್ಲಿ ಕಾರು ಎಂದರೆ ಮೂರೇ ಹೆಸರು: ಅಂಬಾಸಿಡರ್, ಫಿಯಟ್, ಹೆರಾಲ್ಡ್. ಬಿಡಿಭಾಗ ತರಿಸಿ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ ಎಂದು 1953ರ ಟ್ಯಾರಿಫ್ ಕಮಿಷನ್ ಹೇಳಿದ ಮೇಲೆ ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದ್ದವು. ಕೊಳ್ಳಬೇಕೆಂದರೆ ವರ್ಷಗಟ್ಟಲೆ ಪಾಳಿ. ಸ್ಪೋರ್ಟ್ಸ್ ಕಾರಿನ ಮಾತಂತೂ ದೂರ. ಸ್ಪಿಟ್‌ಫೈರ್ ಇಲ್ಲಿ ತಯಾರಾಗಲೇ ಇಲ್ಲ. ಹೀಗಾಗಿ ವೇಗದ ಹುಚ್ಚು ಹಿಡಿದವರು ಇದ್ದದ್ದರಲ್ಲೇ ಮಾಡಿಕೊಂಡರು. ಮದ್ರಾಸಿನ ಹತ್ತಿರ ಎರಡನೇ ಮಹಾಯುದ್ಧದ ಹಳೆ ವಿಮಾನಪಟ್ಟಿ ಶೋಲಾವರಂನಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಹೆರಾಲ್ಡುಗಳು ಓಡುತ್ತಿದ್ದವು. ಟಾಪು ಬಿಚ್ಚಿದ ಹೆರಾಲ್ಡೇ ಮಧ್ಯಮ ವರ್ಗದ ಸ್ಪೋರ್ಟ್ಸ್ ಕಾರು. ಮಾಸ್ತರರ ಹುಚ್ಚು ಅವರೊಬ್ಬರದೇ ಅಲ್ಲ, ಒಂದು ಇಡೀ ತಲೆಮಾರಿನದು.

ನಮ್ಮ ಕಡೆಯ ಹಿರಿಯರನ್ನು ಹೆರಾಲ್ಡಿನ ಬಗ್ಗೆ ಕೇಳಿದರೆ ಮೊದಲು ಬರುವ ಮಾತು ಹಿಂದಿನ ಆಕ್ಸಲ್‌ದು. ಅಂಬಾಸಿಡರಿನಂತೆ ಇದಕ್ಕೆ ಎರಡು ಗಾಲಿ ಕೂಡಿಸುವ ಗಟ್ಟಿ ದಂಡ ಇಲ್ಲ. ಅಡ್ಡಲಾಗಿ ಒಂದೇ ಪಟ್ಟಿ ಸ್ಪ್ರಿಂಗು, ಎರಡು ಕಡೆ ಬೇರೆ ಬೇರೆ ತೂಗುವ ಅರ್ಧ ದಂಡಗಳು. ಹಕ್ಕಿ ರೆಕ್ಕೆ ಬಡಿದ ಹಾಗೆ ಗಾಲಿಗಳು ತಮ್ಮಷ್ಟಕ್ಕೆ ಮೇಲೆ-ಕೆಳಗೆ ಆಡುತ್ತವೆ. ಕೊವೆಂಟ್ರಿಯ ಡಾಂಬರು ರಸ್ತೆಗೆ ಮೆತ್ತಗಿನ ಸವಾರಿ. ಇಲ್ಲಿ ಗಂಡ, ಹೆಂಡತಿ, ಮಕ್ಕಳು, ಮೇಲೆ ಜೋಳದ ಚೀಲ ಹೇರಿದರೆ ಹಿಂದಿನ ಗಾಲಿಗಳು ಕಾಲು ಚಾಚಿ ಕೂತ ಎಮ್ಮೆಯ ಹಾಗೆ ಅಗಲವಾಗುತ್ತಿದ್ದವು. ಇನ್ನೊಂದು ತೊಂದರೆ ಇದರ ತಿರುವುಮುರುವು. ತಿರುವಿನಲ್ಲಿ ಜೋರಾಗಿ ಹೋಗುವಾಗ ಗಾಬರಿಯಿಂದ ಬ್ರೇಕು ಒತ್ತಿದರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಹೊರಗಡೆಯ ಗಾಲಿ ಒಳಗೆ ಮಡಚಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ.

ಈ ಕೊರತೆಯನ್ನು ಎರಡು ಊರು ಎರಡು ರೀತಿಯಲ್ಲಿ ತೀರಿಸಿದವು. ಕೊವೆಂಟ್ರಿಯಲ್ಲಿ 1970ರ ಕೊನೆಯಲ್ಲಿ ಬಂದ ನಾಲ್ಕನೇ ಮಾದರಿಯ ಸ್ಪಿಟ್‌ಫೈರಿನಲ್ಲಿ ಸ್ಪ್ರಿಂಗಿನ ಬಹುಪಾಲು ಪಟ್ಟಿಗಳನ್ನು ನಡುವೆ ತೂಗಲು ಬಿಟ್ಟು ಗಾಲಿ ಮಡಚುವುದನ್ನು ಕಡಿಮೆ ಮಾಡಿದರು, ತೂಗುವ ದಂಡ ಹಾಗೇ ಉಳಿಯಿತು. ಮದ್ರಾಸಿನವರು ಆ ರಗಳೆಯೇ ಬೇಡವೆಂದು 1970ರ ದಶಕದ ಶುರುವಿನಲ್ಲಿ ಹಿಂದೆ ಗಟ್ಟಿ ಆಕ್ಸಲ್ ಹಾಕಿದರು. 1972ರಲ್ಲಿ ಬಂದ ಅವರ ಗೆಝೆಲ್ ಕಾರು ಅದರ ಮೇಲೇ ಓಡಿತು. ಅದಕ್ಕೂ ಮೊದಲೇ, ಇಂಗ್ಲೆಂಡಿನಲ್ಲಿ ಎಂದೂ ಇರದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಇಲ್ಲಿ ಮಾಡಿದ್ದರು. ತವರಿನಲ್ಲಿ ಹೆರಾಲ್ಡ್ 1971ಕ್ಕೆ ನಿಂತಿತು. ಮಿಕೆಲೊಟ್ಟಿಯ ಆ ಗೆರೆಗಳು ಗೆಝೆಲ್ ರೂಪದಲ್ಲಿ ಮದ್ರಾಸಿನಲ್ಲಿ 1977ರವರೆಗೆ ಉಳಿದವು, ಅದೇ 948 ಸಿಸಿ ಎಂಜಿನ್ನಿನ ಮೇಲೆ. ಇದನ್ನು ನಕಲು ಎಂದು ಹೀಗಳೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ನೊಬ್ಬರು ಬಿಟ್ಟ ಕೆಲಸವನ್ನು ನಮ್ಮ ರಸ್ತೆಗೆ ಹೊಂದುವಂತೆ ಮುಂದುವರಿಸಿದ್ದು ಅದು.

ಮಿಕೆಲೊಟ್ಟಿಯ ಸಂಬಂಧ ಕರ್ನಾಟಕಕ್ಕೂ ಸುತ್ತುಬಳಸಿ ಬರುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ಮಾಡಿದರಲ್ಲ, ಅದು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ರೂಪ. ಅದೇ ರಿಲಯಂಟ್ 1984ರಲ್ಲಿ ತಂದ ಎಸ್‌ಎಸ್‌1 ಎಂಬ ಸ್ಪೋರ್ಟ್ಸ್ ಕಾರು ಮಿಕೆಲೊಟ್ಟಿಯ ಕೊನೆಯ ಕೆಲಸಗಳಲ್ಲೊಂದು. ಆತ 1980ರಲ್ಲೇ ತೀರಿಕೊಂಡಿದ್ದ. ಕಾರನ್ನು ರಸ್ತೆಗೆ ತಂದವರು ಉಳಿದವರು.

ಇಷ್ಟೆಲ್ಲ ಓದಿಕೊಂಡು ಶೆಡ್ಡಿಗೆ ಮರಳಿದಾಗ ಮೊದಲು ಹೇಳಬೇಕಾದದ್ದು ಒಂದು ಕೆಟ್ಟ ಸುದ್ದಿ. ಮಾಸ್ತರರ ಎಂಟೂವರೆ ಇಂಚು ಲೆಕ್ಕಕ್ಕೆ ಸರಿ, ಕಾರಿಗೆ ಸಾಲದು. ಸ್ಪಿಟ್‌ಫೈರ್ ಮಾಡುವಾಗ ವೆಬ್‌ಸ್ಟರನ ಮಂದಿ ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿದ್ದಷ್ಟೇ ಅಲ್ಲ, ಎರಡು ಬದಿಯ ಪಟ್ಟಿಗಳನ್ನೇ ತೆಗೆದು ಬರೀ ಬೆನ್ನೆಲುಬು ಉಳಿಸಿದರು. ಆ ಪಟ್ಟಿಗಳ ಭಾರವನ್ನು ಬಾಗಿಲ ಕೆಳಗಿನ ಗಟ್ಟಿ ಹೊಸ್ತಿಲು, ಅಂದರೆ ಬಾಡಿಯೇ ಹೊರುವಂತೆ ಮಾಡಿದರು. ಹಿಂದಿನ ಗಾಲಿ ಹಿಡಿಯುವ ಕೈಗಳೂ ಬಾಡಿಗೇ ಬೋಲ್ಟಾಗುತ್ತವೆ. ಹೆರಾಲ್ಡಿನ ಹೊಸ್ತಿಲಿಗೆ ಆ ಶಕ್ತಿ ಇಲ್ಲ. ಕತ್ತರಿಸಿ ಬೆಸೆದರೆ ಸಿಗುವುದು ಸ್ಪಿಟ್‌ಫೈರ್ ಅಲ್ಲ, ನಡು ಮುರಿದು ಕಟ್ಟಿದ ಹೆರಾಲ್ಡ್.

ಎರಡನೆಯದು ಕಾಯ್ದೆ. ಕೇಂದ್ರ ಸರಕಾರ 2021ರಲ್ಲಿ ಮೋಟರ್ ವಾಹನ ನಿಯಮಕ್ಕೆ ತಿದ್ದುಪಡಿ ತಂದು ವಿಂಟೇಜ್ ವಾಹನ ಎಂಬ ವರ್ಗ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ-ನಾಲ್ಕು ಚಕ್ರದ ಗಾಡಿಗಳಿಗೆ ಅದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮುಂದೆ ನವೀಕರಿಸಲು 5,000. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಓಡಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ಷರತ್ತು ಒಂದೇ, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನು ಮಾರ್ಪಾಡಾಗುವಂಥ ದೊಡ್ಡ ಬದಲಾವಣೆ ಆಗಿರಬಾರದು. ಈ ಕಾರಿಗೆ 'ಎಂವೈ' ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿದೆ, ಆರ್‌ಸಿ ಪುಸ್ತಕ ತಂಗಿಯ ಟ್ರಂಕಿನಲ್ಲಿ ಜೋಪಾನವಾಗಿದೆ. ಬಿಳಿ ಗೆರೆಯ ಮೇಲೆ ಗ್ರೈಂಡರ್ ಇಟ್ಟ ಕ್ಷಣ ಅದೆಲ್ಲ ಬರೀ ಕಾಗದ.

ಅಲ್ಲಿಗೆ ಲೆಕ್ಕ ಮುಗಿಯಬೇಕಿತ್ತು. ಆದರೆ ತಂಗಿ ಒಂದು ಮಾತು ಹೇಳಿದರು. "ಹಳೇ ಕಾರ್ ಓಡಸಾಕ ನಮ್ಮಣ್ಣಗ ಎಂದೂ ಮನಸ್ಸಿರಲಿಲ್ಲ. ಕಂಪನಿ ಮಾಡಿದಂಗ ಮಾಡಿ ನಿಲ್ಲಿಸಿದ್ರ ಅದು ಕಂಪನಿ ಕಾರಾತು, ಅವನ ಕಾರ್ ಹೆಂಗಾತು?" ಮಿಸ್ತ್ರಿ ನನ್ನ ಮುಖ ನೋಡಿದರು. ನಾನು ಬೋಲ್ಟಿನ ಡಬ್ಬಿ ನೋಡಿದೆ.

ವಿಜಯಪುರದಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸತಲ್ಲ. ನಮ್ಮ ಜಾಮಿಯಾ ಮಸೀದಿಯನ್ನು ಶುರು ಮಾಡಿಸಿದವನು ಒಂದನೇ ಅಲಿ ಆದಿಲ್‌ಶಾ. 1580ರಲ್ಲಿ ಅವನ ಕೊಲೆಯಾಯಿತು, ಕಟ್ಟಡ ಮುಗಿದಿರಲಿಲ್ಲ. 1636ರಲ್ಲಿ ಮಹಮ್ಮದ್ ಆದಿಲ್‌ಶಾ ಮೆಹ್ರಾಬಿಗೆ ಬಂಗಾರದ ಬಣ್ಣ, ಚಿತ್ತಾರ ಕೊಡಿಸಿದ. 1686ರಲ್ಲಿ ಊರು ಗೆದ್ದ ಔರಂಗಜೇಬ ನೆಲದ ಮೇಲೆ ಒಬ್ಬೊಬ್ಬರು ನಮಾಜು ಮಾಡುವಷ್ಟು ಜಾಗದ ಚೌಕಗಳನ್ನು ಎಳೆಸಿದ ಎಂದು ಹೇಳುತ್ತಾರೆ. ಮುಂದಿನ ಎರಡು ಮಿನಾರುಗಳು ಮಾತ್ರ ಇವತ್ತಿಗೂ ಏಳಲಿಲ್ಲ. ಬಂದವರೆಲ್ಲ ತಮಗೆ ಬೇಕಾದದ್ದು ಸೇರಿಸಿದರು, ಮೊದಲಿನವನ ನಕ್ಷೆ ಯಾರೂ ಪೂರ್ತಿ ಮಾಡಲಿಲ್ಲ. ಆದರೂ ಅದು ಮಸೀದಿಯೇ, ಪ್ರಾರ್ಥನೆ ನಡೆಯುತ್ತಿದೆ.

ಬಾರಾ ಕಮಾನಿನದು ಇದಕ್ಕೆ ಉಲ್ಟಾ. 1656ರಿಂದ 1672ರವರೆಗೆ ಆಳಿದ ಎರಡನೇ ಅಲಿ ಆದಿಲ್‌ಶಾ ತನ್ನ ಗೋರಿಗೆಂದು ಕಟ್ಟಿಸತೊಡಗಿದ್ದು, ಅವನೊಂದಿಗೇ ನಿಂತಿತು. ಪೂರ್ತಿಯಾಗಿದ್ದರೆ ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತು ಎಂಬ ಕತೆಯನ್ನು ಟಾಂಗಾದವರು ಹೇಳುತ್ತಿದ್ದರು. ನೆರಳು ಅಷ್ಟು ದೂರ ಹೋಗದು, ಕತೆ ಹೋಗುತ್ತದೆ. ಅದನ್ನು ಮುಗಿಸುವ ಮಾತು ಈಗ ಯಾರೂ ಆಡುವುದಿಲ್ಲ. ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿ, ಊಹೆಯಿಂದ ಕಟ್ಟುವುದಕ್ಕಿಂತ ಇದ್ದದ್ದನ್ನು ಇದ್ದಹಾಗೆ ಉಳಿಸುವುದೇ ಮುಖ್ಯ ಎಂದು ಹೇಳಿತು. ಅರ್ಧ ಕಮಾನುಗಳು ಹಾಗೇ ನಿಂತಿವೆ, ಹುಲ್ಲು ಕತ್ತರಿಸುತ್ತಾರೆ.

ಹಳೆ ವಾಹನಗಳ ಜಾಗತಿಕ ಒಕ್ಕೂಟ ಫಿವಾ ಕೂಡ ಇಂಥದೇ ಒಂದು ಸನ್ನದು ಮಾಡಿಕೊಂಡಿದೆ. ಹೆಸರು ಟುರಿನ್ ಸನ್ನದು, ಮಿಕೆಲೊಟ್ಟಿಯ ಊರಿನದೇ. ಹೊಸದು ಮಾಡುವುದಕ್ಕಿಂತ ಉಳಿಸುವುದು ಮೇಲು, ಮಾಡಿದ ಬದಲಾವಣೆಯನ್ನು ಬರೆದಿಡಬೇಕು, ಆದಷ್ಟು ಅದನ್ನು ಮತ್ತೆ ಬಿಚ್ಚಲು ಬರುವಂತಿರಬೇಕು ಎಂಬುದು ಅದರ ಸಾರ. ಇದನ್ನು ಓದಿ ಹೇಳಿದಾಗ ಮಿಸ್ತ್ರಿ ಕೊನೆಯ ಮಾತಿಗೆ ಮಾತ್ರ ಕಿವಿಗೊಟ್ಟರು. "ಬಿಚ್ಚಾಕ ಬರಬೇಕು. ಅಂದ್ರ ಬೋಲ್ಟ್."

ಬರೆದಿಡುವ ಕೆಲಸವನ್ನು ಮಾಸ್ತರರು ಅರ್ಧ ಮಾಡಿಯೇ ಹೋಗಿದ್ದಾರೆ. ಸಣ್ಣ ಪ್ಲಾಸ್ಟಿಕ್ ಚೀಲಗಳು, ಒಳಗೆ ಚೀಟಿ, ದುಂಡು ಅಕ್ಷರ. 'ಎಡ ಬಾಗಿಲು, ಮೇಲಿನ ಹಿಂಜು, ಬೋಲ್ಟ್ 3, ವಾಶರ್ 3, ಒಂದು ಸವೆದಿದೆ.' ಕಾರಿನ ಮುಂಭಾಗ ಪೂರ್ತಿ ಹೀಗಿದೆ. ಹಿಂಭಾಗಕ್ಕೆ ಬಂದಂತೆ ಚೀಟಿಗಳು ಚಿಕ್ಕದಾಗುತ್ತವೆ. ಕೊನೆಯ ಎರಡು ಡಾಲ್ಡಾ ಡಬ್ಬಿಗಳಲ್ಲಿ ಚೀಟಿಯೇ ಇಲ್ಲ, ಎಲ್ಲ ಒಟ್ಟಿಗೆ ಸುರಿದಿದೆ. ಆಯಾಸವೋ, ಕಾಯಿಲೆಯೋ, ಇನ್ನೇನು ಮುಗಿಸುತ್ತೇನೆ ಎಂಬ ಧೈರ್ಯವೋ. ಬೇರೆಯವರು ಶುರು ಮಾಡಿದ್ದನ್ನು ಮುಗಿಸುವುದರ ನಿಜವಾದ ಕಷ್ಟ ಆ ಎರಡು ಡಬ್ಬಿ. ಹಾಳಾದ ಭಾಗ ಇಂಗ್ಲೆಂಡಿನಿಂದ ತರಿಸಬಹುದು. ಅಲ್ಲಿ ಲಕ್ಷಗಟ್ಟಲೆ ಸ್ಪಿಟ್‌ಫೈರ್, ಹೆರಾಲ್ಡ್ ಇದ್ದದ್ದರಿಂದ ಇಂದಿಗೂ ಬಿಡಿಭಾಗ ತಯಾರಿಸುವವರಿದ್ದಾರೆ, ಸುಂಕ ಕಟ್ಟಬೇಕಷ್ಟೆ. ಆದರೆ ಯಾವ ಬೋಲ್ಟು ಎಲ್ಲಿಯದು ಎಂಬುದು ಒಬ್ಬರ ತಲೆಯಲ್ಲಿತ್ತು. ಅದರ ಮೇಲೆ ಇವೆಲ್ಲ ಇಂಚಿನ ಲೆಕ್ಕದ ಆಟೆಗಳು. ಮಿಸ್ತ್ರಿಯ ಮಿಲಿಮೀಟರ್ ಪಾನಗಳು ಒಂದಕ್ಕೂ ಸರಿಯಾಗಿ ಕೂರವು. ವಿಜಯಪುರದ ಹಳೆ ಬಜಾರಿನ ಒಂದು ಅಂಗಡಿಯಲ್ಲಿ ಇಂಚಿನ ಪಾನಗಳ ಒಂದು ಸೆಟ್ ಸಿಕ್ಕಿತು, ಅದರಲ್ಲಿ ಎರಡು ಇಲ್ಲ.

ಕೊನೆಗೆ ಮೂವರೂ ಚಹಾ ಕುಡಿಯುತ್ತ ಒಂದು ತೀರ್ಮಾನಕ್ಕೆ ಬಂದರು (ನಾನು ಸುಮ್ಮನಿದ್ದೆ, ಅಷ್ಟರಮಟ್ಟಿಗೆ ಪತ್ರಕರ್ತ). ಚಾಸಿ ಕತ್ತರಿಸುವುದಿಲ್ಲ. ಕಾರು ಬಯಲು ಕಾರಾಗಿಯೇ ನಿಲ್ಲುತ್ತದೆ, ಮಾಸ್ತರರು ಬಿಚ್ಚಿದ ಟಾಪು ಬಿಚ್ಚಿದ್ದೇ. ಆದರೆ ಅದನ್ನು ರಿಪೇರಿ ಮಾಡಿ, ಬಣ್ಣ ಹಚ್ಚಿ, ಬೋಲ್ಟು ಎಣಿಸಿ ಚೀಟಿ ಬರೆದು ಶೆಡ್ಡಿನ ತೊಲೆಗೆ ತೂಗುಹಾಕುವುದು. ತಪಾಸಣೆಯ ದಿನ ಇಳಿಸಿ ಬಿಗಿದರೆ ಕಂಪನಿ ಕಾರು, ಮನೆಗೆ ಬಂದು ಬಿಚ್ಚಿದರೆ ಅಣ್ಣನ ಕಾರು. ಆರ್‌ಟಿಒದವರು ಇದಕ್ಕೆ ಏನನ್ನುತ್ತಾರೋ ಅರ್ಜಿ ಕೊಟ್ಟಾಗ ಗೊತ್ತಾದೀತು. ಹಿಂದೆ ಗಟ್ಟಿ ಆಕ್ಸಲ್ ಹಾಕುವ ಆಸೆ ಮಿಸ್ತ್ರಿಗಿತ್ತು, ಅದನ್ನೂ ಬಿಟ್ಟರು. ರೆಕ್ಕೆ ಆಡುವ ಗಾಲಿಯೇ ಇರಲಿ, ಮೆಲ್ಲಗೆ ಓಡಿಸಿದರಾಯಿತು.

ಕಳೆದ ವಾರ ಹೋದಾಗ ಚಾಸಿಗೆ ಕಪ್ಪು ಬಣ್ಣ ಬಳಿದಿತ್ತು. ಬಿಳಿ ಗೆರೆಗಳ ಸುತ್ತ ಟೇಪು ಅಂಟಿಸಿ, ಅವನ್ನು ಹಾಗೇ ಬಿಟ್ಟು ಬಳಿದಿದ್ದಾರೆ. ಯಾಕೆ ಎಂದರೆ, "ಮಾಸ್ತರ ಎಳದ್ದು, ಇರಲಿ" ಎಂದಷ್ಟೇ ಹೇಳಿ ಡಾಲ್ಡಾ ಡಬ್ಬಿ ಸುರಿದುಕೊಂಡು ಕೂತರು. ಎಂಜಿನ್ನು ಇನ್ನೂ ಗೋಣಿಚೀಲದಲ್ಲೇ ಇದೆ. ಫೆಬ್ರವರಿಗೆ ದ್ರಾಕ್ಷಿ ಕೊಯ್ಲು, ಮಣೂಕಕ್ಕೆ ಶೆಡ್ಡು ಬೇಕು. ಅಷ್ಟರೊಳಗೆ ನಾಲ್ಕು ಗಾಲಿ ಹಾಕಿದರೆ ದನದ ಕೊಟ್ಟಿಗೆಗೆ ತಳ್ಳಬಹುದು, ಇಲ್ಲದಿದ್ದರೆ ಮತ್ತೆ ಟ್ರಾಲಿ ತರಿಸಬೇಕು.